ಬೇಡ ಎನ್ನುವ ತರಬೇತಿ

ನಮ್ಮ ಶಾಲೆಯ ಮಕ್ಕಳು ಯಾರೂ ಕುಡಿಯುವುದಿಲ್ಲ. ಹಾಗೆಂದು ಗೇಟಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಲಾಗಿದೆ. ಆದ್ದರಿಂದ ಹತ್ತನೇ ತರಗತಿಯ ಎಲ್ಮರ್ ಮುಖ್ಯೋಪಾಧ್ಯಾಯಿನಿ ಕಬಾಹುಗ್ ಮೇಡಂ ಕೋಣೆಗೆ ಬಂದು, "ಮೇಡಂ, ನಮ್ಮ ಮಾವ ದಿನಾ ಸಂಜೆ ತೆಂಗಿನ ಹೆಂಡ ಕುಡಿಸ್ತಾರೆ. ನಂಗೆ ಬಿಡ್ಬೇಕು, ಆದ್ರೆ ಬೇಡ ಅನ್ನೋಕೇ ಬರಲ್ಲ" ಎಂದಾಗ, ಮೇಡಂ ಮೊದಲು ಎದ್ದು ಬಾಗಿಲು ಹಾಕಿದರು.

ನಮ್ಮ ಲೇತೆ ದ್ವೀಪದಲ್ಲಿ ತೆಂಗಿನ ಮರದಿಂದ ಇಳಿಸಿದ ಹೆಂಡಕ್ಕೆ 'ತುಬಾ' ಎನ್ನುತ್ತೇವೆ; ಅದು ಒಂದೇ ಲೋಟದಲ್ಲಿ ಎಲ್ಲರ ಕೈಗೂ ಸುತ್ತಿ ಬರುತ್ತದೆ. ಬೇಡವೆಂದರೆ ಕೊಟ್ಟವನ ಮುಖಕ್ಕೆ ಹೊಡೆದಂತೆ. ಹೀಗಾಗಿ ಪ್ರಕಟಣೆ ಹೊರಟಿತು: "ಮುಂದೆ ಎಂದಾದರೂ ಕುಡಿಯಬಹುದಾದ ಮಕ್ಕಳಿಗೆ ನಿರಾಕರಣೆಯ ತರಬೇತಿ ನೀಡಲಾಗುವುದು. ಬಲವಂತ ಮಾಡುವುದರಲ್ಲಿ ನುರಿತ ವ್ಯಕ್ತಿಯನ್ನು ಕರೆಸತಕ್ಕದ್ದು." ಊರಿನಲ್ಲಿ ಅಷ್ಟು ನುರಿತವನು ಒಬ್ಬನೇ, ಎಲ್ಮರನ ಸೋದರಮಾವ ಬೆರ್ಟಿಂಗ್.

ಸನ್ನಡತೆಯ ಪಾಠ ಹೇಳುವ ನಾನು ಅಂಕ ಹಾಕಲು ಕೂತೆ. ಬೆರ್ಟಿಂಗ್ ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ. ತರಬೇತಿ ಪರಿಣಾಮಕಾರಿಯಾಗಲೆಂದು ಅಸಲಿ ತುಬಾವನ್ನೇ ತಂದಿದ್ದ. ಲೋಟ ತುಂಬಿಸಿ ಎಲ್ಮರನ ಮುಂದೆ ಹಿಡಿದ.

"ಬೇಡ ಮಾವ," ಎಂದ ಎಲ್ಮರ್. ಲೋಟವನ್ನು ಹಿಂದಕ್ಕೆ ತಳ್ಳಿದ.

"ಏನಂದೆ?"

"ಇವತ್ತಿಂದ ಬೇಡ."

ಬೆರ್ಟಿಂಗನ ಕಣ್ಣು ತುಂಬಿತು. "ನೋಡಿದ್ರಾ ಮೇಡಂ? ನಾನೇ ಎತ್ತಿ ಆಡಿಸಿದ ಹುಡುಗ. ನಾಲ್ಕು ಜನದ ಮುಂದೆ ನನ್ನ ಮಾನ ಕಳೆದ!"

ಮೇಡಂ ನನ್ನ ಕಡೆ ತಿರುಗಿದರು. ನಿರಾಕರಣೆಗೆ ಹತ್ತಕ್ಕೆ ಹತ್ತು, ಹಿರಿಯರ ಗೌರವಕ್ಕೆ ಸೊನ್ನೆ ಎಂದು ವರದಿ ಒಪ್ಪಿಸಿದೆ. ಸನ್ನಡತೆಯಲ್ಲಿ ಸೊನ್ನೆ ಬಂದವನನ್ನು ತೇರ್ಗಡೆ ಮಾಡಲು ನಿಯಮದಲ್ಲಿ ಅವಕಾಶವಿಲ್ಲ.

"ದೊಡ್ಡೋರ ಮನಸ್ಸು ನೋಯಿಸ್ಬಾರ್ದಪ್ಪ," ಎಂದರು ಮೇಡಂ. "ಇದೊಂದು ಕುಡಿದ್ಬಿಡು. ಆಮೇಲೆ ಬೇಡ ಅನ್ನೋ ಪಾಠ ಮುಂದುವರಿಸೋಣ."

ಹುಡುಗ ನನ್ನ ಮುಖ ನೋಡಿದ. ನನಗೆ ಸಂಕಟವಾಯಿತು. ಆದರೆ ಸಂಕಟಪಡುವ ಬಗ್ಗೆ ಯಾವ ಸುತ್ತೋಲೆಯೂ ಬಂದಿರಲಿಲ್ಲ. ಅವನು ಕುಡಿದ, ನಾವೆಲ್ಲ ಚಪ್ಪಾಳೆ ತಟ್ಟಿದೆವು. ಲೋಟ ಮೇಡಂ ಬಳಿಗೂ ಬಂತು. ಅವರು ಸಂಸ್ಥೆಯ ಪರವಾಗಿ ಸ್ವೀಕರಿಸಿದರು.

ತರಬೇತಿ ಯಶಸ್ವಿಯಾದ ಕಾರಣ ಶ್ರೀಯುತ ಬೆರ್ಟಿಂಗ್ ಅವರನ್ನು ಅಲ್ಲೇ ಶಾಲೆಯ ಕಾಯಂ ಆಪ್ತಸಲಹೆಗಾರರನ್ನಾಗಿ ನೇಮಿಸಲಾಯಿತು. ಕುಡಿತದ ತೊಂದರೆ ಇರುವ ಮಕ್ಕಳು ಇನ್ನು ಮುಂದೆ ಅವರನ್ನೇ ಕಾಣತಕ್ಕದ್ದು.

"ಹಾಗಾದ್ರೆ ನಾನು ಯಾರನ್ನ ಕೇಳ್ಲಿ ಮೇಡಂ?" ಎಂದ ಎಲ್ಮರ್.

"ನಿನ್ನ ಪುಣ್ಯ ಕಣಪ್ಪ! ಬೇರೆ ಮಕ್ಕಳು ಸಾಲಲ್ಲಿ ನಿಲ್ಬೇಕು. ನಿಂಗೆ ಸಲಹೆಗಾರರು ಮನೇಲೇ ಇದ್ದಾರೆ."

ಬೆರ್ಟಿಂಗ್ ಅವರು ಪ್ರೀತಿಯಿಂದ ಹುಡುಗನ ಹೆಗಲ ಮೇಲೆ ಕೈ ಹಾಕಿದರು.

"ನಡಿ ಅಳಿಯಾ, ಸಂಜೆ ಆಯ್ತು. ಸಲಹೆಗೆ ಹೊತ್ತಾಯ್ತು."