ಅರವತ್ತೊಂದನೆಯ ಮಗು

ಯಾರ ಬಳಿಯಾದರೂ ಏನನ್ನಾದರೂ ಕೇಳುವುದೆಂದರೆ ನನಗೆ ಆಗದ ಕೆಲಸ. ಬಸ್ಸಿನಲ್ಲಿ ನಾನು ಇಳಿಯುವ ಊರು ಬಂದಾಗ ನಿಲ್ಲಿಸಿ ಎಂದು ಕೂಗಲು ಸಂಕೋಚಪಟ್ಟು, ಮುಂದಿನ ನಿಲುಗಡೆಯಲ್ಲಿ ಇಳಿದು ಹೆದ್ದಾರಿಯ ಅಂಚಿನಲ್ಲಿ ಹಿಂದಕ್ಕೆ ನಡೆದು ಬಂದ ದಿನಗಳಿವೆ. ಇಂಥವಳಿಗೆ ಹುಮನಾಬಾದ್ ಕಡೆಯ ಒಂದು ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಕೆಲಸ ಸಿಕ್ಕಿತು. ಪಾಠ ಮಾಡುವುದೇನೂ ಕಷ್ಟವಾಗಲಿಲ್ಲ. ಮಕ್ಕಳು ನನಗಿಂತ ಗಿಡ್ಡ. ಆದರೆ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಮನೆಮನೆಗೆ ಹೋಗಿ, ನಿಮ್ಮ ಮಗುವನ್ನು ನಮ್ಮ ಶಾಲೆಗೆ ಕೊಡಿ ಎಂದು ಕೇಳಬೇಕಾಗುತ್ತದೆ ಎಂದು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಹೆಣ್ಣು ಕೇಳಲು ಹೋದವರಿಗಾದರೂ ಅವಲಕ್ಕಿ, ಚಹಾ ಸಿಗುತ್ತದೆ.

ಈ ವರ್ಷ ಕೇಳದೆ ಗತಿಯಿರಲಿಲ್ಲ. ನಮ್ಮಂಥ ಶಾಲೆಯಲ್ಲಿ ಅರವತ್ತು ಮಕ್ಕಳಿದ್ದರೆ ಇಬ್ಬರು ಶಿಕ್ಷಕರು ಸಾಕು, ಅರವತ್ತೊಂದಾದರೆ ಮೂವರು ಬೇಕು ಎಂಬುದು ಸರ್ಕಾರದ ಲೆಕ್ಕ. ನಾವು ಮೂವರಿದ್ದೆವು. ಮಕ್ಕಳು ಸರಿಯಾಗಿ ಅರವತ್ತು. ಇನ್ನೊಂದು ಮಗು ಸಿಗದಿದ್ದರೆ ಎಲ್ಲರಿಗಿಂತ ಕಿರಿಯಳಾದ ನಾನು ಹೆಚ್ಚುವರಿ ಶಿಕ್ಷಕಿ ಎನಿಸಿಕೊಂಡು, ಮೂರು ಬಸ್ಸು ಬದಲಿಸಿ ತಲುಪುವ ಯಾವುದೋ ಊರಿಗೆ ಹೋಗಬೇಕಾಗಿತ್ತು. ಇನ್ನೂ ಯಾರೆಂದೇ ಗೊತ್ತಿಲ್ಲದ ಒಂದು ಮಗುವಿನ ಹೆಗಲ ಮೇಲೆ ನಾನು ಕುಳಿತಂತಾಗಿತ್ತು.

ಬಸವಕಲ್ಯಾಣದ ನಮ್ಮ ಮನೆಯಲ್ಲಿ ಈ ವಿಷಯದ ಚರ್ಚೆಗೆ ಭಾನುವಾರ ಮೀಸಲು. ಎದುರು ಪಕ್ಷದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನನ್ನ ಅಣ್ಣ.

"ನಿಮ್ಮ ಸಾಲಿ ಮೊದಲ ಸುಧಾರಿಸಲಿ, ಆಮ್ಯಾಲ ನನ್ನ ಮಗಳ್ನ ಕಳಸ್ತೀನಿ" ಎನ್ನುತ್ತಾನೆ.

"ನಿಮ್ಮಂಥವರು ಕಳಿಸಿದರ ಸುಧಾರಸ್ತದ. ದೊಡ್ಡವರ ಮಕ್ಕಳು ಇಲ್ಲಂದ್ರ ಸರ್ಕಾರಕ್ಕ ರೊಕ್ಕ ಕೊಡ್ರಿ ಅಂತ ಕೇಳವರು ಯಾರು?" ಎನ್ನುತ್ತೇನೆ ನಾನು.

"ನಾ ಎಲ್ಲಿ ದೊಡ್ಡವ? ಮೊಳಿ ಮಾರವ. ಮಾಳಿಗಿ ಸೋರತದಂತ ನೀನ ಹೇಳ್ತಿ. ಏನ್ ಮಾಡಾಕತ್ತೀರಿ ಅದಕ್ಕ?"

"ಅರ್ಜಿ ಕೊಟ್ಟೇವಿ."

"ಮಳಿಗೂ ಒಂದು ಅರ್ಜಿ ಕೊಡ್ರಿ, ಬರಬ್ಯಾಡ ಅಂತ."

ಇಲ್ಲಿಗೆ ಸಾಮಾನ್ಯವಾಗಿ ನಾನು ಸೋಲುತ್ತೇನೆ. ಹೊಸ ಕೋಣೆ ಮಂಜೂರಾಗಿದೆ ಎಂಬ ಸುದ್ದಿ ನಾನು ಸೇರಿದ ದಿನದಿಂದಲೂ ನಮ್ಮ ಶಾಲೆಗೆ ಬರುತ್ತಿದೆ, ಕೋಣೆ ಬಂದಿಲ್ಲ. ಮರುದಿನ ಬೆಳಿಗ್ಗೆ ಅಣ್ಣ ಅಂಗಡಿ ತೆರೆಯಲು ಓಡುತ್ತಾನಾದ್ದರಿಂದ, ಅವನ ಮಗಳು ಸೃಷ್ಟಿಯನ್ನು ಖಾಸಗಿ ಶಾಲೆಯ ಹಳದಿ ವ್ಯಾನಿಗೆ ಹತ್ತಿಸುವವಳು ಸರ್ಕಾರಿ ಶಾಲೆಯ ಪರವಾಗಿ ಗಂಟಲು ಹರಿದುಕೊಂಡ ನಾನೇ. ಆ ಶಾಲೆಯವರು ವರ್ಷಕ್ಕೊಂದು ಹೊಸ ಚೀಲ ಕೊಡುತ್ತಾರೆ, ಹೊರಗಡೆ ದಪ್ಪ ಅಕ್ಷರದಲ್ಲಿ ತಮ್ಮ ಹೆಸರು ಬರೆಸಿ. ಹೋದ ವರ್ಷದ ಚೀಲ ಸೃಷ್ಟಿಗೆ ಬೇಡವಾಗಿತ್ತು. ಹೊಲಿಗೆ ಒಂದೂ ಬಿಟ್ಟಿರಲಿಲ್ಲ. ಗಟ್ಟಿಮುಟ್ಟಾದ ವಸ್ತುವನ್ನು ಮೂಲೆಗೆ ಹಾಕುವುದು ನನ್ನಿಂದಾಗದು. ಬುತ್ತಿ, ಛತ್ರಿ ಇಟ್ಟುಕೊಳ್ಳಲು ನಾನೇ ಇಟ್ಟುಕೊಂಡೆ.

ರಜೆ ಮುಗಿಯಲಿದ್ದ ಒಂದು ದಿನ ಅದೇ ಚೀಲದಲ್ಲಿ ನಮ್ಮ ಶಾಲೆಯ ಕರಪತ್ರಗಳನ್ನು ತುಂಬಿಕೊಂಡು ಹಳ್ಳಿಯ ಶಾಂತಾಬಾಯಿ ಎಂಬುವರ ಮನೆಗೆ ಹೋದೆ. ಆರು ವರ್ಷದ ಮೊಮ್ಮಗಳು ಪಲ್ಲವಿ ಕಂಬಕ್ಕೆ ಒರಗಿ ನಿಂತಿದ್ದಳು. ಅಜ್ಜಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಾನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದನ್ನು ಒಪ್ಪಿಸಿದೆ: ಬಿಸಿಯೂಟ, ಹಾಲು, ಮೊಟ್ಟೆ, ಪುಸ್ತಕ, ಸಮವಸ್ತ್ರ, ಬೂಟು, ಎಲ್ಲವೂ ಉಚಿತ.

"ಎಲ್ಲಾ ಖರೇ ಅದ ಅಕ್ಕೋರ" ಎಂದರು ಶಾಂತಾಬಾಯಿ. "ಆದರ ಇವಳಣ್ಣ ವ್ಯಾನಿನ್ಯಾಗ ಹುಮನಾಬಾದಕ್ಕ ಹೋಗ್ತಾನ. ಇಬ್ಬರಿಗೂ ಫೀ ಕಟ್ಟಾಕ ನಮ್ಮಪ್ಪ ಏನ್ ಜಹಗೀರ ಬಿಟ್ಟು ಹೋಗ್ಯಾನ? ಅವಗ ರೊಕ್ಕದ ಸಾಲಿ, ನನಗ ಪುಕ್ಕಟೆ ಸಾಲಿ ಯಾಕ ಅಂತ ಕೇಳಾಕತ್ತಾಳ ಇವಳು. ನೀವ ಹೇಳ್ರಿ, ಕಲ್ತವರು ಇದ್ದೀರಿ."

ಇದಕ್ಕೆ ಉತ್ತರ ಕರಪತ್ರದಲ್ಲೇನಾದರೂ ಇದ್ದೀತೆಂದು ಚೀಲವನ್ನು ಮುಂದೆ ಎಳೆದುಕೊಂಡೆ.

"ಆಯಿ, ಅಣ್ಣನ ಸಾಲಿ ಚೀಲ" ಎಂದಳು ಪಲ್ಲವಿ.

ಬಸವಕಲ್ಯಾಣದ ಶಾಲೆಯೂ ಹುಮನಾಬಾದಿನ ಶಾಲೆಯೂ ಒಬ್ಬರದೇ ಎಂಬುದು ನನಗೆ ಹೊಳೆದದ್ದು ಆಗಲೇ. ಶಾಂತಾಬಾಯಿ ಮೊರ ಕೆಳಗಿಟ್ಟರು.

"ನಿಮ್ಮ ಮಕ್ಕಳದೇನ್ರಿ?"

"ಇಲ್ರಿ. ನನ್ನ ಮದುವಿ ಆಗಿಲ್ಲ."

"ಮತ್ತ ಯಾರದು?"

ಬಸ್ಸಿನಲ್ಲಿ ಸಿಕ್ಕಿತು ಎನ್ನಬಹುದಿತ್ತು. ಆದರೆ ಗಾಬರಿಯಾದರೆ ನನ್ನ ಬಾಯಿಂದ ಸತ್ಯ ಒಂದರ ಹಿಂದೊಂದು ಉದುರುತ್ತದೆ. ಅಣ್ಣನ ಮಗಳದು ಎಂದೆ. ನಾನೇ ದಿನಾ ವ್ಯಾನು ಹತ್ತಿಸುತ್ತೇನೆ ಎಂದೆ. ಸಾಲದ್ದಕ್ಕೆ, ನಮ್ಮ ಶಾಲೆಯ ಮಾಳಿಗೆ ಸೋರುತ್ತದೆ, ಆದರೆ ಒಂದನೇ ತರಗತಿ ಕೂರುವ ಕಡೆ ಸೋರುವುದಿಲ್ಲ ಎಂದೂ ಹೇಳಿಬಿಟ್ಟೆ. ಸುಮ್ಮನಾದಾಗ ಮೂರು ಬಸ್ಸುಗಳ ಆ ಊರು ಕಣ್ಣ ಮುಂದೆ ಬಂತು.

ಶಾಂತಾಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. "ವ್ಯಾನಿನ ಸಾಲಿಯವರೂ ಬಂದಿದ್ರು. ತಾಸುಗಟ್ಲೆ ಮಾತಾಡಿದ್ರು, ತಮ್ಮ ಒಂದ ಹುಳುಕು ಹೇಳಲಿಲ್ಲ. ನೀವು ಕೇಳೂದಕ್ಕ ಮೊದಲ ಎಲ್ಲಾ ಹೇಳಿದ್ರಿ. ನಿಮಗ ಮಾರಾಕ ಬರಂಗಿಲ್ಲ ಬಿಡ್ರಿ. ಕಲಿಸಾಕರ ಬರತಿರಬೇಕು." ಆಮೇಲೆ ಮೊಮ್ಮಗಳ ಕಡೆ ತಿರುಗಿದರು. "ಏನಂತಿ? ಹೋಗ್ತೀ ಏನ್ ಅಕ್ಕೋರ ಸಾಲಿಗೆ?"

ಪಲ್ಲವಿ ನನ್ನನ್ನು ನೋಡಲಿಲ್ಲ. "ಆ ಚೀಲ ಕೊಟ್ರ ಹೋಗ್ತೀನಿ" ಎಂದಳು.

ಬುತ್ತಿ, ಛತ್ರಿ, ಹಾಜರಿ ಪುಸ್ತಕ, ಕರಪತ್ರಗಳನ್ನೆಲ್ಲ ಎದೆಗೆ ಅವಚಿಕೊಂಡು ನಾನು ಶಾಲೆಗೆ ಮರಳಿದೆ. ಹೆಡ್ ಮಾಸ್ತರರು ಏನಾಯಿತೆಂದು ಗಾಬರಿಯಾದರು. "ಅರವತ್ತೊಂದು" ಎಂದಷ್ಟೇ ಹೇಳಿದೆ.

ಶಾಲೆ ಶುರುವಾದ ದಿನ ಮಕ್ಕಳ ಫೋಟೊ ತೆಗೆದು ಇಲಾಖೆಯ ಕಚೇರಿಗೆ ಕಳಿಸಬೇಕಿತ್ತು. ಪಲ್ಲವಿ ಮುಂದಿನ ಸಾಲಿನಲ್ಲಿ ಚೀಲವನ್ನು ಎದೆಯ ಮೇಲೆ ಹಿಡಿದು ನಿಂತಳು. ಬಣ್ಣ ಹೋದ ನಮ್ಮ ಶಾಲೆಯ ಫಲಕ ಆ ಚಿತ್ರದಲ್ಲಿ ಓದಲು ಬರುವುದಿಲ್ಲ. ಓದಲು ಬರುವ ಹೆಸರು ಒಂದೇ. "ಅಕ್ಕೋರ, ಇದು ಯಾವ ಸಾಲಿ ಅಂತ ಸಾಹೇಬರು ಕೇಳಿದರ?" ಎಂದರು ಹೆಡ್ ಮಾಸ್ತರರು. ಫಲಕಕ್ಕೆ ಬಣ್ಣ ಕೇಳಿ ಇನ್ನೊಂದು ಅರ್ಜಿ ಬರೆದೆವು.

ತನಗೇಕೆ ಪುಕ್ಕಟೆ ಶಾಲೆ ಎಂಬ ಪಲ್ಲವಿಯ ಪ್ರಶ್ನೆಗೆ, ಅವಳು ಓದು ಕಲಿತು ಮತ್ತೆ ಕೇಳುವ ಮೊದಲು ಉತ್ತರ ಹುಡುಕಬೇಕು. ಭಾನುವಾರಗಳಂದು ಮಾತ್ರ ಮೊದಲಿನಂತೆಯೇ ವಾದಿಸುತ್ತೇನೆ. ಖಾಸಗಿ ಶಾಲೆಗಳಿಂದ ಸರ್ಕಾರಿ ಶಾಲೆಗೆ ಕಿಂಚಿತ್ತೂ ಉಪಯೋಗವಿಲ್ಲ ಎಂದು ಹೋದ ವಾರ ದೃಢವಾಗಿ ಹೇಳಿದೆ. ಅಣ್ಣ ರೊಟ್ಟಿ ಮುರಿಯುತ್ತಾ, "ಚೀಲ?" ಎಂದ.

ಬರುವ ವರ್ಷ ನಮ್ಮಲ್ಲಿ ಐದನೆಯ ತರಗತಿಯ ಹದಿಮೂರು ಮಕ್ಕಳು ಮುಗಿಸಿ ಹೋಗುತ್ತಾರೆ, ಅಷ್ಟೇ ಮಕ್ಕಳನ್ನು ಮತ್ತೆ ಕೇಳಿ ತರಬೇಕು. ಸೃಷ್ಟಿಗೆ ಈ ಸಲ ಬಂದಿರುವ ಚೀಲ ನೀಲಿ ಬಣ್ಣದ್ದು, ಮೊದಲಿನದಕ್ಕಿಂತ ಚೆನ್ನಾಗಿದೆ. ಅದನ್ನು ನೆಲಕ್ಕೆ ಎಳೆಯದೆ ಜೋಪಾನವಾಗಿ ಬಳಸು ಎಂದು ದಿನಾ ವ್ಯಾನು ಹತ್ತಿಸುವಾಗ ಹೇಳುತ್ತಿದ್ದೇನೆ. ಅವಳ ಗೆಳತಿಯರಿಗೂ.