ಬೀಜಕ್ಕೆ ಬಿಟ್ಟ ಹೀರೆಕಾಯಿ

ಮುಂಬಯಿಗೆ ಬಂದು ಹದಿನೆಂಟು ವರ್ಷವಾಗಿದ್ದರೂ ನನ್ನ ಹೆಸರಿನಲ್ಲಿ ಇದ್ದದ್ದು ಲೋಕಲ್ ಪಾಸು ಒಂದೇ. ಭಾಂಡುಪಿನ ಚಾಳಿನಲ್ಲಿ ನಾವಿದ್ದ ಖೋಲಿ ಸೋದರಮಾವನ ಹೆಸರಿನಲ್ಲಿತ್ತು, ರೇಷನ್ ಕಾರ್ಡೂ ಅವರದೇ. ಆಫೀಸಿನಲ್ಲಿ ನಾನು ಬರೆದ ಕಾಗದಗಳಿಗೆಲ್ಲ ಸಾಹೇಬರ ಸಹಿ. ಹೀಗಿರುವಾಗ, ತರಕಾರಿ ಬೀಜ ಬೆಳೆಯುವವರಿಗೆ ಸರ್ಕಾರ ಪ್ರಮಾಣಪತ್ರ ಕೊಡುತ್ತದೆಂದು ಕೇಳಿ ನನಗೆ ಆಸೆ ಹುಟ್ಟಿದ್ದರಲ್ಲಿ ತಪ್ಪೇನು? ಮೊಹರು ಹೊಡೆದ ಕಾಗದ, ಅದರ ಮೇಲೆ ನನ್ನ ಪೂರ್ತಿ ಹೆಸರು! ಅದಕ್ಕೆ ಹಾಕಿಸಬೇಕಾದ ಚೌಕಟ್ಟನ್ನೂ ಅಂಗಡಿಯಲ್ಲಿ ನೋಡಿಟ್ಟು ಬಂದೆ.

ಖೋಲಿಯ ಹಿಂದೆ ಮೂರು ಹಾಸಿಗೆ ಹಾಸುವಷ್ಟು ನೆಲವಿತ್ತು. ಮೈಸೂರಿನಿಂದ ತರಿಸಿದ ಹೀರೆ ಬೀಜ ಊರಿ, ಚಪ್ಪರ ಹಾಕಿ, ಹತ್ತಿರದ ಎಮ್ಮೆ ತಬೇಲಾದಿಂದ ಸಗಣಿ ಗೊಬ್ಬರ ಹೊತ್ತು ತಂದೆ. ಅರ್ಜಿಯ ಷರಾ ಕಾಲಮ್ಮಿನಲ್ಲಿ ‘ಸದರಿ ಬೆಳೆಗೆ ಯಾವುದೇ ರಾಸಾಯನಿಕ ವಸ್ತುವನ್ನು ಸೋಕಿಸಿರುವುದಿಲ್ಲವೆಂದು ಈ ಮೂಲಕ ದೃಢೀಕರಿಸುತ್ತೇನೆ’ ಎಂದು ಬರೆದೆ. ಯಾರೂ ಕೇಳಿರಲಿಲ್ಲ.

ಬೀಜಕ್ಕೆ ಬಿಟ್ಟ ಕಾಯಿ ಬಳ್ಳಿಯಲ್ಲೇ ಬಲಿತು, ಒಣಗಿ, ಅಲ್ಲಾಡಿಸಿದರೆ ಗಲಗಲ ಎನ್ನಬೇಕು. ಎಳೆ ಹೀರೆ ಕಂಡರೆ ನನ್ನ ಹೆಂಡತಿ ಕಮಲಳ ಕೈ ಸುಮ್ಮನಿರುವುದಿಲ್ಲ. ಒಂದು ಕಾಯಿಯನ್ನೂ ಅಡುಗೆಗೆ ಕುಯ್ಯಕೂಡದೆಂದು ಅವಳಿಗೆ ಕಟ್ಟಪ್ಪಣೆ ಮಾಡಿದೆ. ಚಾಳಿನವರಿಗೆ ಅಪ್ಪಣೆ ಮಾಡುವಂತಿಲ್ಲವಲ್ಲ! ಅದಕ್ಕೇ ಹನ್ನೆರಡು ಕಾಯಿಗೂ ಕೆಂಪು ದಾರ ಕಟ್ಟಿ ಕುಂಕುಮ ಇಟ್ಟೆ. ಇದು ದೇವರದೇ ಎಂದು ಪಕ್ಕದ ಖೋಲಿಯ ಶಿಂಧೆಬಾಯಿ ಕೇಳಿದಾಗ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಚಪ್ಪರದ ಕಡೆ ಕೈ ಮುಗಿದೆ. ಅಂದಿನಿಂದ ಯಾರೂ ಕಾಯಿ ಮುಟ್ಟಲಿಲ್ಲ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ದೀಪಾವಳಿ ಕಳೆದ ಮಾರನೆಯ ದಿನ ತಪಾಸಣೆಗೆ ಬರುವುದಾಗಿ ಇನ್ಸ್‌ಪೆಕ್ಟರರ ಕಾರ್ಡು ಬಂತು. ಕಾಯಿಗಳು ಒಣಗಿ ಗಲಗಲ ಎನ್ನುತ್ತಿದ್ದವು. ನಾನು ನಿಶ್ಚಿಂತನಾಗಿದ್ದೆ.

ನರಕ ಚತುರ್ದಶಿಯ ಬೆಳಗ್ಗೆ ಕಮಲ ತಲೆಗೆ ಎಣ್ಣೆ ಒತ್ತಿ, ಬಿಸಿನೀರು ಹೊಯ್ದು, ಬೆನ್ನು ಉಜ್ಜಿದಳು. ಏನು ಹಿತ! ಹದಿನೆಂಟು ವರ್ಷದ ಲೋಕಲಿನ ಕೊಳೆಯೆಲ್ಲ ಬಿಟ್ಟುಹೋದಂತಾಯಿತು. ಇಷ್ಟು ಒಳ್ಳೆಯ ನಾರು ಎಲ್ಲಿ ಸಿಕ್ಕಿತೆಂದು ಕೇಳಿದೆ.

“ನಮ್ಮ ಚಪ್ಪರದ್ದೇ ಕಣ್ರೀ,” ಅಂದಳು.

ಟವೆಲು ಸುತ್ತಿಕೊಂಡು ಸೋಪಿನ ನೊರೆಯಲ್ಲೇ ಹಿತ್ತಲಿಗೆ ಓಡಿದೆ. ಚಪ್ಪರದಲ್ಲಿ ಎಲೆ ಮಾತ್ರ ಇತ್ತು. ದೇವರ ಕಾಯಿಯ ನಾರಿನಿಂದ ಹಬ್ಬದ ಸ್ನಾನ ಮಾಡಿದರೆ ಪುಣ್ಯವೆಂದು ಶಿಂಧೆಬಾಯಿ ಹಿಂದಿನ ದಿನ ಒಂದು ಕೇಳಿದ್ದರಂತೆ. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲವೆನ್ನಲಾಗದೆ ಕಮಲ ಹನ್ನೊಂದು ಮನೆಗೆ ಹಂಚಿ, ಒಂದನ್ನು ನನ್ನ ಬೆನ್ನಿಗೆ ಉಳಿಸಿದ್ದಳು.

“ಅಡುಗೆಗೆ ಕುಯ್ಯಬೇಡ ಅಂದ್ರಿ, ಕುಯ್ಲಿಲ್ಲ. ಸ್ನಾನಕ್ಕೆ ಬೇಡ ಅಂತ ಹೇಳಿದ್ರಾ?”

ಹೇಳಿರಲಿಲ್ಲ. ಹಬ್ಬದ ದಿನವೇ ಮನೆಮನೆಗೆ ಹೋಗಿ, ಎಲ್ಲರ ಬಚ್ಚಲಲ್ಲೂ ಕುಕ್ಕರುಗಾಲಿನಲ್ಲಿ ಕೂತು ಉದುರಿದ್ದ ಬೀಜ ಆರಿಸಿದೆ. ಎರಡು ಹಿಡಿ ಸಿಕ್ಕಿತು. ತೊಳೆದು, ಒರೆಸಿ, ಒಣಗಿಸಿದೆ.

ಇನ್ಸ್‌ಪೆಕ್ಟರು ಸೊಲ್ಲಾಪುರದ ಕಡೆಯ ಕನ್ನಡಿಗರು. ಭಾಷೆ ಕೇಳಿ ನನಗೆ ಧೈರ್ಯ ಬಂತು. ಅವರು ಬೀಜವನ್ನು ಪೇಪರಿನ ಮೇಲೆ ಹರಡಿ, ನಯವಾದವುಗಳನ್ನು ಬೆರಳಲ್ಲಿ ಪಕ್ಕಕ್ಕೆ ತಳ್ಳಿದರು. ಅವು ತುಪ್ಪದ ಹೀರೆಯವು, ಯಾರದೋ ಬಚ್ಚಲಿನ ಹಳೆಯ ನಾರಿನಿಂದ ಉದುರಿದವು. ಆಮೇಲೆ ಒಂದು ಚಿಟಿಕೆಯನ್ನು ಮೂಗಿನ ಹತ್ತಿರ ಹಿಡಿದರು.

“ರಾಸಾಯನಿಕ ಏನೂ ಮುಟ್ಟಿಸಿಲ್ಲಂತ ಬರದೀರಿ. ಇದು ಸಾಬೂನಿನ ವಾಸನಿ ಹೊಡೀತೈತಲ್ರಿ?”

ನನಗೆ ಅಳು ಬರುವುದೊಂದು ಬಾಕಿ. ನಡೆದದ್ದನ್ನೆಲ್ಲ ಕಮಲ ವಿವರಿಸಿದಳು. ಅವರು ನಗದೆ ಕೇಳಿ, ಚಹಾ ಕುಡಿದು, ಆ ನಾರು ಇನ್ನೂ ಉಳಿದಿದೆಯೇ ಎಂದು ವಿಚಾರಿಸಿದರು. ಕಮಲ ನನ್ನದನ್ನೇ ಒಗೆದು ಕೊಟ್ಟು ಕಳಿಸಿದಳು.

ಒಂದು ತಿಂಗಳ ಮೇಲೆ ಅಂಚೆಯವನು ಸರ್ಕಾರಿ ಲಕೋಟೆ ಹಿಡಿದು ಬಂದ. ಹೊಳೆನರಸೀಪುರ ಅನಂತರಾಮಯ್ಯ ಶ್ರೀನಿವಾಸಮೂರ್ತಿ ಎಂದು ಅವನು ಕಷ್ಟಪಟ್ಟು ಓದಿದ್ದು ಒಳಗಿದ್ದ ನನಗೆ ಕೇಳಿಸಿತು. ಆ ಹೆಸರಿನವರು ಈ ಚಾಳಿನಲ್ಲಿ ಯಾರೂ ಇಲ್ಲವೆಂದು ಶಿಂಧೆಬಾಯಿ ಹೇಳಿದ್ದೂ ಕೇಳಿಸಿತು. ಓಡಿ ಬಂದು, ಅದು ನಾನೇ ಎಂದೆ. ಅಂಚೆಯವನು ನಂಬದೆ ಆಕೆಯ ಮುಖ ನೋಡಿದ.

“ಹೇ ತರ್ ಆಮಚೇ ದೋಡಕೇ ಕಾಕಾ,” ಎಂದರು ಶಿಂಧೆಬಾಯಿ. ಇವರು ನಮ್ಮ ಹೀರೆಕಾಯಿ ಕಾಕಾ ಅಲ್ಲವೇ ಎಂದರ್ಥ; ಮರಾಠಿಯಲ್ಲಿ ಹೀರೆಕಾಯಿಗೆ ದೋಡಕಾ ಎನ್ನುತ್ತಾರೆ. ಅದನ್ನು ಮೊದಲೇ ಬರೆಸಬಾರದಿತ್ತೇ ಎಂದು ಗೊಣಗುತ್ತ ಅಂಚೆಯವನು ಲಕೋಟೆ ಕೊಟ್ಟು ಹೋದ.

ಒಳಗಿನ ಕಾಗದದ ಮೇಲೆ ಗುಂಡಗಿನ ಮೊಹರು, ಒಂದಕ್ಷರವೂ ತಪ್ಪಿಲ್ಲದ ನನ್ನ ಪೂರ್ತಿ ಹೆಸರು, ಅದರ ಕೆಳಗೆ ಅರ್ಜಿಯನ್ನು ತಿರಸ್ಕರಿಸಲಾಗಿದೆ ಎಂಬ ಒಕ್ಕಣೆ ಇತ್ತು. ನೋಡಿಟ್ಟಿದ್ದ ಚೌಕಟ್ಟಿಗೆ ಅಳತೆ ಸರಿಯಾಗಿತ್ತು.