ಒಬ್ಬರಿಗೆ ಒಂದೇ ಒಬ್ಬಟ್ಟು

ಶ್ರೀಹರಿಯ ಕೈಯಲ್ಲಿದ್ದ ಆ ಸ್ಟೀಲಿನ ಇಕ್ಕಳವನ್ನು ರಮಾಕಾಂತ ಇವತ್ತಿಗೂ ಮರೆತಿಲ್ಲ, ಮರೆಯುವ ಉದ್ದೇಶವೂ ಅವನಿಗಿಲ್ಲ. ಅಡಿಲೇಡಿನ ಕನ್ನಡಿಗರ ಯುಗಾದಿ ಊಟ. ಬಾಡಿಗೆಗೆ ಹಿಡಿದ ಹಾಲ್, ಕಾಗದದ ತಟ್ಟೆ, ಬಾಗಿಲಿನಿಂದಲೇ ಮೂಗು ಹಿಡಿದೆಳೆಯುವ ತುಪ್ಪದ ವಾಸನೆ. ಕ್ಯೂನಲ್ಲಿ ನಿಂತು ನಿಂತು ಕಾಲು ಸೋತವನು ಕೊನೆಗೂ ತಟ್ಟೆ ಚಾಚಿದಾಗ, ಮೈಸೂರಿನ ಸಾಫ್ಟ್‌ವೇರ್ ಇಂಜಿನಿಯರ್ ಶ್ರೀಹರಿ, ನೀಲಿ ಗ್ಲೌಸು ತೊಟ್ಟ ಕೈಯಲ್ಲಿ ಇಕ್ಕಳ ಹಿಡಿದು, ಸತ್ತ ಇಲಿಯನ್ನು ಎತ್ತಿ ಹಾಕುವವನ ಹಾಗೆ ಒಂದು ಒಬ್ಬಟ್ಟನ್ನು ತಟ್ಟೆಗೆ ಬಿಟ್ಟ. ರಮಾಕಾಂತ ತಟ್ಟೆಯನ್ನು ಹಿಂದಕ್ಕೆ ತೆಗೆಯಲಿಲ್ಲ.

"ಒಬ್ರಿಗೆ ಒಂದೇ ಅಂಕಲ್," ಅಂದ ಶ್ರೀಹರಿ. "ನೆಕ್ಸ್ಟ್ ಪ್ಲೀಸ್."

ನೆಕ್ಸ್ಟ್ ಪ್ಲೀಸ್! ಯಾರಿಗೆ? ಏಳನೇ ಕ್ಲಾಸಿಗೆ ಶಾಲೆಗೆ ಕೈಮುಗಿದು, ಅಪ್ಪನ ಹಿಂದೆ ಮದುವೆಮನೆಗಳಲ್ಲಿ ಸೌಟು ಹಿಡಿದು ಬೆಳೆದ ರಮಾಕಾಂತನಿಗೆ! ಬೇಡ ಅಂದವರ ಎಲೆಗೆ ಬಡಿಸುವುದೇ ಅವನ ಮನೆತನದ ವಿದ್ಯೆ. ಉಣ್ಣುವವನು ಎಲೆಗೆ ಕೈ ಅಡ್ಡ ಹಿಡಿಯಬೇಕು, ಅವನ ಬೆರಳ ಸಂದಿಯಲ್ಲೇ ಒಬ್ಬಟ್ಟು ತೂರಿಸಬೇಕು, ಅವನು ಬೈಯಬೇಕು, ಬೈಯುತ್ತಲೇ ತಿನ್ನಬೇಕು. ಅಂಥ ಕೈ ಈಗ ಪ್ರಾಸ್ಪೆಕ್ಟ್ ರೋಡಿನ ಹೋಟೆಲಿನಲ್ಲಿ ಕಂಡವರಿಗೆಲ್ಲ ಪನೀರ್ ಬೇಯಿಸುತ್ತಿತ್ತು. ಆದರೆ ಅವನನ್ನು ಕೂರಿಸಿ, 'ಇನ್ನೊಂದು ಹಾಕ್ಲಾ' ಎಂದು ಕೇಳುವ ಒಂದು ನರಪಿಳ್ಳೆ ಈ ದೇಶದಲ್ಲಿ ಇರಲಿಲ್ಲ. ಆ ಒಂದು ಮಾತಿಗೆ ಅವನ ಹೊಟ್ಟೆ ವರ್ಷಗಟ್ಟಲೆ ಹಸಿದಿತ್ತು. ಅವತ್ತೇ ಪಾರ್ಕಿಂಗ್ ಜಾಗದಲ್ಲಿ, ಹೆಂಡತಿ ಹಂಸಾಳ ಎದುರು ಶಪಥ ಮಾಡಿದ: ಮೂರು ಸಲ ಬಲವಂತ ಮಾಡದ ಹೊರತು ಈ ಖಂಡದಲ್ಲಿ ಪರರ ಊಟ ಮುಟ್ಟುವುದಿಲ್ಲ.

"ಹಾಗಾದ್ರೆ ಡಬ್ಬಿ ಕಟ್ಕೊಂಡೇ ಓಡಾಡಿ," ಅಂದಳು ಹಂಸಾ.

ಶಪಥದ ಪರಿಣಾಮ ಭೀಕರವಾಗಿತ್ತು. ಹೋಟೆಲ್ ಮಾಲೀಕರ ಮನೆಯ ಬಾರ್ಬೆಕ್ಯೂ ಕೂಟದಲ್ಲಿ ಸುಟ್ಟ ಜೋಳ ಬೇಕಾ ಎಂದರು. ಮರ್ಯಾದೆಗೆ ಬೇಡ ಅಂದ. ಅವರು ನಂಬಿಬಿಟ್ಟರು. ಪಕ್ಕದ ಮನೆಯ ಹುಟ್ಟುಹಬ್ಬದಲ್ಲಿ ಕೇಕ್ ಬೇಡ ಅಂದ. ಅದನ್ನೂ ನಂಬಿದರು. ಮನುಷ್ಯನ ಮಾತನ್ನು ಹೀಗೆ ಮೊದಲ ಸಲಕ್ಕೇ ನಂಬುವ ಜನರನ್ನು ಅವನು ಎಲ್ಲೂ ಕಂಡಿರಲಿಲ್ಲ.

"ಡ್ಯಾಡ್, ಹಿಯರ್ ನೋ ಮೀನ್ಸ್ ನೋ," ಎಂದು ಮಗಳು ನಮಿತಾ ತಿಳಿಹೇಳಿದಳು. ಹಾಗಾದರೆ ಇವರೂರಲ್ಲಿ ಸಂಕೋಚ ಇರುವವರೆಲ್ಲ ಉಪವಾಸ ಸಾಯಬೇಕಾ ಎಂದು ರಮಾಕಾಂತ ಕಾರು ಅದುರುವಂತೆ ಕೂಗಾಡಿ, ಮನೆಗೆ ಬಂದು ಅನ್ನ ಉಪ್ಪಿನಕಾಯಿ ತಿಂದು ಮಲಗಿದ.

ಬೆಟ್ಟದ ಆಚೆಯ ಹಳ್ಳಿಯಲ್ಲಿ ನಡೆಯುವ ಇಟಾಲಿಯನ್ನರ ಊಟದ ಹಬ್ಬಕ್ಕೆ ಅವನನ್ನು ಎಳೆದುಕೊಂಡು ಹೋದವಳೂ ಈ ನಮಿತಾಳೇ. ಹಿಂದೆ ಇಟಲಿಯ ಹಳ್ಳಿಗಳಿಂದ ಬಂದು ತರಕಾರಿ ಬೆಳೆದ ಮನೆತನಗಳು, ತಮ್ಮೂರಿನಲ್ಲಿ ಮಾಡುತ್ತಿದ್ದ ಹಾಗೆಯೇ ಇಲ್ಲೂ ವರ್ಷಕ್ಕೊಮ್ಮೆ ಸೇರಿ ಬೇಯಿಸಿ ಬಡಿಸುತ್ತವಂತೆ. ಮತ್ತೊಂದು ಕ್ಯೂ ಎಂದು ಗೊಣಗುತ್ತ ಹೋದ ರಮಾಕಾಂತ ಶೆಡ್ಡಿನ ಬಾಗಿಲಲ್ಲೇ ನಿಂತುಬಿಟ್ಟ. ಆ ತುದಿಯಿಂದ ಈ ತುದಿಗೆ ಮೇಜುಗಳು, ಎದುರುಬದುರು ಬೆಂಚುಗಳು. ಕ್ಯೂ ಎಂಬುದೇ ಇಲ್ಲ. ಉಣ್ಣುವವರು ಕೂತಿದ್ದಾರೆ, ಬಡಿಸುವವರು ನಡೆದು ಬರುತ್ತಿದ್ದಾರೆ. ಮೂಲೆಯಲ್ಲಿ ತಾಮ್ರದ ಕೊಪ್ಪರಿಗೆ, ಇಬ್ಬರು ಗಂಡಸರು ಅದರೊಳಗೆ ಉದ್ದನೆಯ ಕೋಲಿನಿಂದ ಮೆಕ್ಕೆಜೋಳದ ಹಿಟ್ಟು ತೊಳಸುತ್ತಿದ್ದಾರೆ. ಪೊಲೆಂಟಾ ಎಂದಳು ನಮಿತಾ. ರಮಾಕಾಂತನ ಕಣ್ಣಿಗೆ ಅದು ಅರಿಶಿನ ಹಚ್ಚಿಕೊಂಡ ಮುದ್ದೆ.

"ಪಂಕ್ತಿ ಕಣೇ," ಅಂದ ಹಂಸಾಳಿಗೆ.

ಅವರ ಸಾಲಿಗೆ ಬಡಿಸಲು ಬಂದವಳು ಅಸುಂತ ಎಂಬ ಮುದುಕಿ. ಕಪ್ಪು ಲಂಗ, ಮೊಣಕೈವರೆಗೆ ಮಡಚಿದ ತೋಳು, ಕೈಯಲ್ಲಿ ಸೌಟು. ಇಕ್ಕಳವಲ್ಲ, ಸೌಟು! ರಮಾಕಾಂತ ಮನಸ್ಸಿನಲ್ಲೇ ಅವಳನ್ನು ಅಸುಂತಜ್ಜಿ ಮಾಡಿಕೊಂಡ. ಪೊಲೆಂಟಾ ಮತ್ತು ಅಣಬೆ ಗೊಜ್ಜು ಹಿಡಿದು ಬಂದಾಗ ಶಪಥ ನೆನಪಾಗಿ 'ನೋ ನೋ' ಅಂದ. ಅಜ್ಜಿಗೆ ಅದು ಕೇಳಿಸಲೇ ಇಲ್ಲ. ಮತ್ತೆ ಬಂದಾಗ ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದ. ಅವಳು ಅವನ ಮಣಿಕಟ್ಟು ಹಿಡಿದು, ಮೇಜಿನ ಮೇಲಿನ ಉಪ್ಪಿನ ಡಬ್ಬಿ ಸರಿಸುವಂತೆ ಕೈಯನ್ನು ಪಕ್ಕಕ್ಕಿಟ್ಟು ಬಡಿಸಿದಳು. ಮೂರನೆಯ ಸಲ ಅವನ ಬೆನ್ನಿಗೊಂದು ಗುದ್ದಿದಳು.

"ಮಾಂಜ," ಅಂದಳು. ತಿನ್ನು ಎಂದು. "ಯು ಟೂ ಥಿನ್."

ರಮಾಕಾಂತನನ್ನು ತೆಳ್ಳಗಿದ್ದೀಯ ಎಂದವಳು ಅಲ್ಲಿಯವರೆಗೆ ಹೆತ್ತ ತಾಯಿ ಒಬ್ಬಳೇ. ಹೊಟ್ಟೆ ಹಿಡಿಸದೆ ಅವನ ಬೆಲ್ಟಿನ ತುದಿಗೆ ಹಿಂದಿನ ವರ್ಷವಷ್ಟೇ ಹೊಸ ತೂತು ಕೊರೆಸಬೇಕಾಗಿ ಬಂದಿತ್ತು. ಕಣ್ಣಲ್ಲಿ ನೀರು ತುಂಬಿತು. ಗೊಜ್ಜು ಖಾರ ಎಂದು ಹಂಸಾಳಿಗೆ ಸುಳ್ಳು ಹೇಳಿದ. ಅದರಲ್ಲಿ ಮೆಣಸಿನಕಾಯಿಯ ನೆರಳೂ ಇರಲಿಲ್ಲ.

ಇಲ್ಲಿಗೆ ಎದ್ದಿದ್ದರೆ ಚೆನ್ನಾಗಿತ್ತು. ಆದರೆ ರಮಾಕಾಂತನ ಮನೆಯಲ್ಲಿ ಎಲೆಯ ಮೇಲೆ ಅಗುಳು ಬಿಡುವಂತಿಲ್ಲ, ಬಿಟ್ಟರೆ ಅಡುಗೆಯವರಿಗೆ ಅವಮಾನ. ಅಸುಂತಜ್ಜಿಯ ಊರಲ್ಲಿ ತಟ್ಟೆ ಬರಿದಾಗಿರುವಂತಿಲ್ಲ, ಇದ್ದರೆ ಬಡಿಸುವವಳಿಗೆ ಅವಮಾನ. ಅವನು ಬಳಿದು ತಿಂದ, ಅವಳು ತುಂಬಿದಳು. ಅವನು ಮತ್ತೆ ಬಳಿದ, ಅವಳು ಮತ್ತೆ ತುಂಬಿದಳು. ಎರಡು ಮನೆತನಗಳ ಮಾನ ಒಂದೇ ಕಾಗದದ ತಟ್ಟೆಯಲ್ಲಿ ಸಿಕ್ಕಿಹಾಕಿಕೊಂಡಿತು. ಅಕ್ಕಪಕ್ಕದವರು ಉಣ್ಣುವುದು ಬಿಟ್ಟು ನೋಡತೊಡಗಿದರು.

"ಜಸ್ಟ್ ಲೀವ್ ಸಮ್, ಡ್ಯಾಡ್," ಎಂದು ನಮಿತಾ ಪಿಸುಗುಟ್ಟಿದಳು.

"ಬಿಟ್ರೆ ನಿಮ್ ತಾತ ಎದ್ದು ಬಂದು ಒದೀತಾರೆ."

ಕೊನೆಗೆ ರಮಾಕಾಂತ ತನಗೆ ಗೊತ್ತಿದ್ದ ಒಂದೇ ಒಂದು ಶಾಂತಿ ಒಪ್ಪಂದಕ್ಕೆ ಕೈಹಾಕಿದ. ಊಟ ಮುಗಿಸಿ ಬಾಳೆಲೆ ಮಡಚುವಂತೆ, ಆಗಷ್ಟೇ ತುಂಬಿದ್ದ ಗೊಜ್ಜನ್ನು ಗಮನಿಸದೆ, ಕಾಗದದ ತಟ್ಟೆಯನ್ನು ತನ್ನ ಕಡೆಗೆ ಮಡಚಿದ. ಬಾಳೆಲೆ ಬಾಗುತ್ತದೆ. ಕಾಗದದ ತಟ್ಟೆ ಚಿಮ್ಮುತ್ತದೆ. ಗೊಜ್ಜು ಎದ್ದು ಹೋಗಿ, ಎದುರು ಕೂತಿದ್ದ ಹಬ್ಬದ ಅಧ್ಯಕ್ಷರ ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಮೇಲೆ ಇಟಲಿಯ ನಕ್ಷೆ ಬರೆಯಿತು. ಅಸುಂತಜ್ಜಿ ಇಬ್ಬರನ್ನೂ ನೋಡಿದಳು. ಬೈಗುಳ ಬಿದ್ದದ್ದು ಅಧ್ಯಕ್ಷರಿಗೆ. ಇಂಥ ದರಿದ್ರ ತಟ್ಟೆ ತಂದರೆ ಪಾಪ ಹಸಿದವರು ಹೇಗೆ ತಿನ್ನಬೇಕು ಎಂದು ರೇಗಿ, ಒಳಗಿನಿಂದ ದಪ್ಪ ಪಿಂಗಾಣಿ ತಟ್ಟೆ ತಂದಳು. ತುಂಬಿಸಿ ತಂದಳು.

ಅವನನ್ನು ಬೆಂಚಿನಿಂದ ಎಬ್ಬಿಸಲು ಕೊಪ್ಪರಿಗೆ ತೊಳಸುತ್ತಿದ್ದ ಆ ಇಬ್ಬರು ಗಂಡಸರೇ ಬರಬೇಕಾಯಿತು. ಕಾರಿನವರೆಗೂ ಹಿಂದೆಯೇ ಬಂದ ಅಸುಂತಜ್ಜಿ, ದಾರಿಗೆ ಇರಲಿ ಎಂದು ಒಂದು ಪೊಟ್ಟಣ ಅವನ ಮಡಿಲಿಗೆ ತುರುಕಿದಳು. ರಮಾಕಾಂತ ಅವಳ ಕೈ ಹಿಡಿದುಕೊಂಡ.

"ಯು ಕಮ್ ಮೈ ಹೌಸ್," ಅಂದ. "ಐ ಮೇಕ್ ಒಬ್ಬಟ್ಟು. ಯು ಸೇ ನೋ, ಐ ನಾಟ್ ಲಿಸನ್."

ಅಜ್ಜಿ ಸವಾಲನ್ನು ಒಪ್ಪಿಕೊಂಡವಳಂತೆ ತಲೆಯಾಡಿಸಿ, ಮುಂದಿನ ವರ್ಷ ಅಂದಳು.

ಮುಂದಿನ ವರ್ಷದ ಹಬ್ಬದಲ್ಲಿ ಅವಳಿರಲಿಲ್ಲ. ಅಧ್ಯಕ್ಷರು ಶರ್ಟಿನ ಮೇಲೆ ಕೈಯಿಟ್ಟುಕೊಂಡು ದೂರದಿಂದಲೇ ಸುದ್ದಿ ಹೇಳಿದರು. ಕಾಲು ಸೋತಿತಂತೆ, ಮಗ ಬ್ರಿಸ್ಬೇನಿಗೆ ಕರೆದುಕೊಂಡು ಹೋಗಿ ನಾರ್ತ್ ಲೇಕ್ಸ್‌ನ ವೃದ್ಧಾಶ್ರಮದಲ್ಲಿ ಇರಿಸಿದ್ದಾನಂತೆ. ಆ ಸಲ ಅವರ ಸಾಲಿಗೆ ಬಡಿಸಿದವಳು ಬೇರೊಬ್ಬ ಹೆಂಗಸು. ರಮಾಕಾಂತ ಬೇಡ ಅಂದ. ಅವಳು ನಂಬಿಬಿಟ್ಟಳು.

ಮನೆಗೆ ಬಂದವನೇ ಬೇಳೆ ಬೇಯಲಿಟ್ಟ. ಕಡಲೆಬೇಳೆ ಹೂರಣ, ಎಳೆದರೆ ಬಟ್ಟೆಯಂತೆ ಹಿಗ್ಗುವ ಕಣಕ, ಡಬ್ಬಿಯ ಮುಚ್ಚಳ ಕೂರದಷ್ಟು ಒಬ್ಬಟ್ಟು. ಯಾರಾದರೂ ಒಬ್ಬಟ್ಟು ಬಡಿಸುವುದಕ್ಕೆ ವಿಮಾನ ಹತ್ತುತ್ತಾರಾ ಎಂದಳು ಹಂಸಾ. ರಮಾಕಾಂತ ಹತ್ತಿದ.

ಅಸುಂತಜ್ಜಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಸೊರಗಿ ಅರ್ಧದಷ್ಟಾಗಿ ಕೂತಿದ್ದಳು. ಅವನನ್ನು ಕಂಡು, ಯು ಟೂ ಥಿನ್ ಅಂದಳು. ಡಬ್ಬಿ ತೆರೆದಾಗ 'ನೋ ನೋ' ಅಂದಳು. ರಮಾಕಾಂತನ ಮೈ ಜುಮ್ಮೆಂದಿತು. ಇದೇ, ತಾನು ಹುಡುಕುತ್ತಿದ್ದ ಬೇಡ ಇದೇ! ಮೂರು ತಲೆಮಾರಿನ ವಿದ್ಯೆಯನ್ನೆಲ್ಲ ಕೈಗೆ ತಂದುಕೊಂಡು ಒಬ್ಬಟ್ಟು ಎತ್ತಿದ. ಅವಳು ಮಣಿಕಟ್ಟು ಹಿಡಿದಳು.

"ದಿಸ್ ಮೈ ಹೌಸ್," ಅಂದಳು.

ಒಂದು ಮಂಚ, ಒಂದು ಕುರ್ಚಿ, ಒಂದು ಕಪಾಟು. ಅವಳ ಮನೆ. ಬಂದವನು ಅತಿಥಿ, ಅತಿಥಿ ಮೊದಲು ತಿನ್ನಬೇಕು. ರಮಾಕಾಂತ ಕೈ ಅಡ್ಡ ಹಿಡಿದ. ಅವಳು ಅವನ ಬೆರಳ ಸಂದಿಯಲ್ಲೇ ಒಬ್ಬಟ್ಟು ತೂರಿಸಿದಳು. ಒಂದಾದ ಮೇಲೊಂದು, ತಾನೇ ಬೇಯಿಸಿ, ತಾನೇ ಹೊತ್ತು ತಂದ ಒಬ್ಬಟ್ಟನ್ನು ಬೈಯುತ್ತಲೇ ತಿಂದ. ತಳದಲ್ಲಿ ಎರಡು ಉಳಿದಾಗ ಅಜ್ಜಿ ಒಂದನ್ನು ತೆಗೆದುಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ಅಗಿದಳು. ಕೊನೆಯದನ್ನು ಅವನು ನೀಡಿದಾಗ ಮೆಲ್ಲಗೆ ನೋ ಅಂದಳು.

ಆ ನೋ ಬೇರೆ ಇತ್ತು. ರಮಾಕಾಂತ ನಂಬಿದ. ಹೊರಡುವಾಗ ಅವಳೇ ಅಂದಳು, ಮುಂದಿನ ವರ್ಷ ನಿನ್ನ ಮನೆಯಲ್ಲಿ ಎಂದು.

ರಮಾಕಾಂತ ಕಿಲ್ಬರ್ನಿನ ತನ್ನ ಮನೆಗೆ ಬಂದು ಖಾಲಿ ಡಬ್ಬಿ ಸಿಂಕಿಗೆ ಹಾಕುವಾಗ ಹಂಸಾ ಹಿಂದೆ ನಿಂತಿದ್ದಳು.

"ಎಷ್ಟು ತಿಂದ್ರು?"

"ಒಂದು."

"ಮಿಕ್ಕಿದ್ದು?"

ರಮಾಕಾಂತ ಬೆಲ್ಟು ಸಡಿಲಿಸಿದ. ಹಂಸಾ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಅಂತೂ ನೀವೂ ಒಬ್ರಿಗೆ ಒಂದೇ ಬಡಿಸಿ ಬಂದ್ರಿ," ಅಂದಳು.

ಕೂಗಾಡಲು ಬಾಯಿ ತೆರೆದ. ಹೊರಬಿದ್ದದ್ದು ತೇಗು.

ಮುಂದಿನ ಯುಗಾದಿಗೆ ಮೊದಲೇ ಅಜ್ಜಿಯ ಮಗನ ಫೋನು ಬಂತು. ಹೇಳಬೇಕಾದ್ದನ್ನು ಹೇಳಿದ ಮೇಲೂ ಅವನು ಫೋನಿಡಲಿಲ್ಲ. ಅಡಿಲೇಡಿನಲ್ಲಿ ಒಬ್ಬ ತೆಳ್ಳಗಿನ ಮನುಷ್ಯನಿದ್ದಾನೆ, ಅವನ ಮನೆಯಲ್ಲಿ ತನಗೊಂದು ಊಟ ಬಾಕಿಯಿದೆ ಎಂದು ಅಮ್ಮ ನರ್ಸುಗಳಿಗೆಲ್ಲ ಹೇಳುತ್ತಿದ್ದಳಂತೆ. ಆ ಮನುಷ್ಯ ನೀವೇ ಏನು ಎಂದು ಕೇಳಿದ.

ರಮಾಕಾಂತ ತನ್ನ ಹೊಟ್ಟೆಯನ್ನೊಮ್ಮೆ ನೋಡಿಕೊಂಡು, ಹೌದು, ನಾನೇ ಅಂದ.